ಜುಲೈ ತಿಂಗಳ ಆಪರೇಷನ್ ಬಗ್ಗೆ ಕೇಳಿದ್ದಕ್ಕೆ

ಮಗಳೇ, ನಿನ್ನ ಮಾವನವರ ಪಿತ್ತಕೋಶದ ಆಪರೇಷನ್ ಅಲ್ಲಿಯ ಯೂನಿವರ್ಸಿಟಿ ಆಸ್ಪತ್ರೆಯಲ್ಲಿ ಜುಲೈ 8ಕ್ಕೆ ನಿಗದಿಯಾಗಿದೆ, ಅಮೆರಿಕದಲ್ಲಿ ಹೊಸ ಡಾಕ್ಟರುಗಳು ಕೆಲಸಕ್ಕೆ ಸೇರುವ ತಿಂಗಳೇ ಅದು, ಮುಂದೂಡಬೇಕೇ ಎಂದು ನೀನು ಈ ಗುಂಪಿನಲ್ಲಿ ಕೇಳಿದ್ದನ್ನು ಓದಿದ ಮೇಲೆ ನನಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

ನಮ್ಮವರ ಕರುಳಿನ ಆಪರೇಷನ್ ನಿಮಗೆಲ್ಲ ನೆನಪಿದೆ. ಅದೂ ಆ ದೇಶದಲ್ಲೇ, ಜುಲೈ ಎರಡನೆಯ ವಾರದಲ್ಲೇ, ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲೇ ಆದದ್ದು. ಮಾಡಿದವರು ಕೈ ಪಳಗಿದ ಸರ್ಜನ್. ಅವರ ಕೆಲಸದಲ್ಲಿ ಕುಂದು ಹೇಳುವಂತಿರಲಿಲ್ಲ. ಕಷ್ಟ ಬಂದದ್ದು ಆ ರಾತ್ರಿ. ಹನ್ನೊಂದರ ಹೊತ್ತಿಗೆ ಅವರ ಮುಖ ಬಿಳಿಚಿಕೊಂಡಿತು, ಹಣೆಯ ಮೇಲೆ ತಣ್ಣನೆಯ ಬೆವರು ಮೂಡಿತು, ನಾಡಿ 120 ದಾಟಿತು. ನೋಡಲು ಬಂದದ್ದು ಕೆಲಸಕ್ಕೆ ಸೇರಿ ಹತ್ತು ದಿನವಾಗಿದ್ದ ಹುಡುಗ. ಹೇಗಿದ್ದೀರಿ ಎಂದು ಅವನು ಕೇಳಿದ. ನಮ್ಮವರು ಎಂದಿನ ಹಾಗೆ ‘ಪರವಾಗಿಲ್ಲ’ ಎಂದರು. ನಾನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಸಲೈನ್ ಹೆಚ್ಚಿಸಿ, ಬೆಳಿಗ್ಗೆ ನೋಡೋಣ ಎಂದು ಹೋದ. ದೊಡ್ಡ ಡಾಕ್ಟರನ್ನು ಎಬ್ಬಿಸಲು ಅವನಿಗೆ ಸಂಕೋಚ, ಎಬ್ಬಿಸಿ ಎಂದು ಹೇಳಲು ನನಗೂ ಸಂಕೋಚ. ಬೆಳಗಿನ ಜಾವ ಸೀನಿಯರ್ ರೆಸಿಡೆಂಟ್, ಅಂದರೆ ತರಬೇತಿಯಲ್ಲಿ ಅವನಿಗಿಂತ ಮುಂದಿರುವ ಡಾಕ್ಟರ್, ಬಂದು ಹೊಟ್ಟೆ ಮುಟ್ಟಿ ನೋಡಿದವಳೇ ಅರ್ಧ ಗಂಟೆಯೊಳಗೆ ಅವರನ್ನು ಮತ್ತೆ ಥಿಯೇಟರಿಗೆ ಕರೆದೊಯ್ದಳು. ಒಳಗೆ ರಕ್ತ ಸೋರುತ್ತಿತ್ತು. ಉಳಿದರು, ಆದರೆ ಆ ಆರು ಗಂಟೆ ನಾನು ಬಾಯಿ ಮುಚ್ಚಿಕೊಂಡು ಕುಳಿತಿದ್ದೆನಲ್ಲ, ಅದು ಇಂದಿಗೂ ನನ್ನನ್ನು ಸುಡುತ್ತದೆ.

ಆದ್ದರಿಂದ ಹೇಳುತ್ತೇನೆ, ಆಪರೇಷನ್ ಆದ ರಾತ್ರಿ ಅವರನ್ನು ಒಂಟಿಯಾಗಿ ಬಿಡಬೇಡಿ, ಸಂಶಯ ಬಂದರೆ ಸುಮ್ಮನಿರಬೇಡಿ.

ತಿಂಗಳಿನ ವಿಷಯಕ್ಕೆ ಬಂದರೆ, ಇಂಗ್ಲೆಂಡಿನಲ್ಲಿ ಹೊಸಬರು ಸೇರುವುದು ಆಗಸ್ಟಿನ ಮೊದಲ ಬುಧವಾರ. 2000ರಿಂದ 2008ರವರೆಗಿನ ಲೆಕ್ಕ ಹಿಡಿದು ನೋಡಿದಾಗ, ಆ ದಿನ ತುರ್ತಾಗಿ ದಾಖಲಾದವರಲ್ಲಿ ಸಾವಿನ ಸಂಭವ ಹಿಂದಿನ ಬುಧವಾರದವರಿಗಿಂತ ಸುಮಾರು 6% ಹೆಚ್ಚಿತ್ತು. ಆದರೆ ಶಸ್ತ್ರಚಿಕಿತ್ಸೆಯನ್ನೇ ಬೇರೆಯಾಗಿ ನೋಡಿದ ಬಹುತೇಕ ಅಧ್ಯಯನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ, ಏಕೆಂದರೆ ಥಿಯೇಟರಿನೊಳಗೆ ಹೊಸಬರು ಒಂಟಿಯಾಗಿ ಕತ್ತರಿ ಹಿಡಿಯುವುದಿಲ್ಲ, ರೋಗಿಯ ಪೂರ್ತಿ ಹೊಣೆ ಹೊತ್ತ ಹಿರಿಯರು, ಅಂದರೆ ಅಟೆಂಡಿಂಗ್ ಸರ್ಜನ್, ಪಕ್ಕದಲ್ಲೇ ಇರುತ್ತಾರೆ. ಹೊಸಬರ ಕೈಗೆ ರೋಗಿ ಸಿಗುವುದು ವಾರ್ಡಿನಲ್ಲಿ, ರಾತ್ರಿಯ ಪಾಳಿಯಲ್ಲಿ. ಮತ್ತೊಮ್ಮೆ ಹೇಳುತ್ತೇನೆ, ಆ ರಾತ್ರಿ ಯಾರಾದರೂ ಜೊತೆಗಿರಲೇಬೇಕು, ಸಂಶಯ ಬಂದರೆ ಬಾಯಿ ಬಿಟ್ಟು ಹೇಳಲೇಬೇಕು.

ಅಂದು ನನ್ನ ಜೊತೆಗೆ ಯಾರೂ ಇರಲಿಲ್ಲ. ಒಂದು ಗಂಟೆಯ ದಾರಿಯಲ್ಲಿ ನಮ್ಮ ಕಡೆಯವರದೇ ಮೂರು ಮನೆಗಳಿದ್ದವು. ಎಲ್ಲರೂ ಫೋನ್ ಮಾಡಿದರು, ಸಾರು ಕಳಿಸುತ್ತೇವೆ ಎಂದರು, ಒಂದು ರಾತ್ರಿ ಬಂದು ಆ ಕುರ್ಚಿಯಲ್ಲಿ ಕೂರುತ್ತೇನೆ ಎಂದವರಿಲ್ಲ. ಎರಡನೆಯವರು ಒಬ್ಬರಿದ್ದಿದ್ದರೆ ನನಗೂ ಮಾತನಾಡುವ ಧೈರ್ಯ ಬರುತ್ತಿತ್ತು. ಈ ಗುಂಪಿನಲ್ಲಿ ಆ ಊರಿಗೆ ಹತ್ತಿರವಿರುವವರು ಈ ಸಲ ಹಾಗೆ ಮಾಡಬಾರದು.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವೇ ಹೇಳಲಿಲ್ಲ. ಡಾಕ್ಟರೇ ಹೇಳದ ಹೊರತು ಮುಂದೂಡಬೇಡ. ಪಿತ್ತಕೋಶದ ಕಲ್ಲು ಒಳಗಿದ್ದಷ್ಟು ದಿನ ಸೋಂಕಿನ ಭಯ, ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಭಯ ಇದ್ದೇ ಇರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಯಾವ ದಿನ ನಿಲ್ಲಿಸಬೇಕೆಂದು ಸರ್ಜನ್ನರನ್ನೇ ಕೇಳು, ನೀವಾಗಿ ನಿಲ್ಲಿಸಬೇಡಿ. ರಾತ್ರಿ ಪಾಳಿಯಲ್ಲಿ ಯಾರಿರುತ್ತಾರೆ, ಅವರ ಮೇಲೆ ಯಾರಿರುತ್ತಾರೆ ಎಂದು ಮೊದಲೇ ಬರೆದಿಟ್ಟುಕೊ. ಉತ್ತರ ಸಮಾಧಾನವಾಗದಿದ್ದರೆ ನರ್ಸಿಗೆ ‘ಅಟೆಂಡಿಂಗ್ ಅವರನ್ನು ಕರೆಯಿರಿ’ ಎಂದು ಹೇಳು. ರೋಗಿಯ ಸ್ಥಿತಿ ಏಕಾಏಕಿ ಕೆಟ್ಟಾಗ ಓಡಿಬರುವ ರಾಪಿಡ್ ರೆಸ್ಪಾನ್ಸ್ ತಂಡವನ್ನು ಮನೆಯವರೇ ಕರೆಯಬಹುದೇ ಎಂದೂ ವಿಚಾರಿಸಿಕೊ. ಇನ್ನೊಂದು ಮಾತು, ಮಾವನವರಿಗೆ ಇಂಗ್ಲಿಷ್ ಬಾರದಲ್ಲ, ಹಣ ಕೊಡದೆ ದುಭಾಷಿಯನ್ನು ಕೇಳುವ ಹಕ್ಕು ಅಲ್ಲಿ ಇದೆ, ಕನ್ನಡ ಬೇಕೆಂದು ಈಗಲೇ ಫೋನ್ ಮಾಡಿ ಬರೆಸು. ಅವರು ‘ಪರವಾಗಿಲ್ಲ’ ಎಂದರೆ ಅಷ್ಟಕ್ಕೇ ಬಿಡದೆ, ಹತ್ತರಲ್ಲಿ ನೋವು ಎಷ್ಟು ಎಂದು ಅಂಕಿಯಲ್ಲೇ ಹೇಳಿಸು.