ನೀರಂಚಿನ ಗೋದಾಮು: ಕಸುಬು ಬದಲಾದರೂ ಕಟ್ಟಡ ಉಳಿಯುವಂತೆ ಕಟ್ಟುವುದು ಹೇಗೆ?

ಪ್ರಶ್ನೆ (ಶಿವಡಿ, ಮುಂಬಯಿ)

ನಮಸ್ಕಾರ. ನಾನು ವಾಸ್ತುಶಿಲ್ಪದ ಕೊನೆಯ ವರ್ಷದ ವಿದ್ಯಾರ್ಥಿ. ನಗರದ ಪೂರ್ವ ಕಡಲಂಚಿನ ಹಳೆಯ ಗೋದಾಮಿನ ಜಾಗವೊಂದನ್ನು ಯೋಜನೆಗಾಗಿ ಆಯ್ದುಕೊಂಡಿದ್ದೇನೆ. 1989ರಲ್ಲಿ ನ್ಹಾವಾ ಶೇವಾ ಬಂದರು ತೆರೆದ ಮೇಲೆ ಕಂಟೇನರುಗಳು ಕ್ರಮೇಣ ಅತ್ತ ಸಾಗಿದ್ದರಿಂದ ಇಲ್ಲಿನ ಶೆಡ್ಡುಗಳಿಗೆ ಮೊದಲಿನಷ್ಟು ಕೆಲಸವಿಲ್ಲ. ಹಾಗೆಂದು ಅಲ್ಲಿ ಉದ್ಯಾನ, ಹೋಟೆಲುಗಳನ್ನಷ್ಟೇ ಬರೆದು ಕೈತೊಳೆದುಕೊಳ್ಳಲು ಮನಸ್ಸಿಲ್ಲ. ಪ್ಯಾರಿಸ್ಸಿನ ಫ್ರಾಂಪ್ರಿ ಅಂಗಡಿಗಳಿಗೆ 2012ರಿಂದ ಸೇನ್ ನದಿಯ ಬಾರ್ಜುಗಳಲ್ಲಿ (ಚಪ್ಪಟೆ ತಳದ ಸರಕು ದೋಣಿಗಳಲ್ಲಿ) ದಿನಸಿ ತರಿಸುವ ವ್ಯವಸ್ಥೆ ಆರಂಭವಾಯಿತು. ಅಂತೆಯೇ ಸರಕು ನೀರಿನಿಂದ ಬಂದು, ವಿದ್ಯುತ್ ಟೆಂಪೊಗಳಲ್ಲಿ ಊರೊಳಗೆ ಹಂಚಿಕೆಯಾಗುವ ಕಟ್ಟಡವನ್ನು ಕಲ್ಪಿಸಿದ್ದೇನೆ. ಮೂವತ್ತು ವರ್ಷಗಳ ನಂತರ ವ್ಯಾಪಾರ ಬದಲಾದರೂ ಅದನ್ನು ಕೆಡವಬಾರದೆಂದಾದರೆ, ಯಾವುದನ್ನು ಸ್ಥಿರವಾಗಿಡಬೇಕು, ಯಾವುದನ್ನು ಬಿಚ್ಚುವಂತಿಡಬೇಕು?

ಉತ್ತರ (ಡೊಂಬಿವಲಿ)

ಸಿವಿಲ್ ಎಂಜಿನಿಯರನಾಗಿ ಹೇಳುವುದಾದರೆ, ನೆಲದಡಿಯಿಂದ ಆರಂಭಿಸಿ. ಆ ಭಾಗದ ಬಹುಪಾಲು ಕಡಲನ್ನು ತುಂಬಿಸಿ ಪಡೆದ ಭೂಮಿ. ಕೆಳಗೆ ಮೆತ್ತನೆಯ ಜೇಡಿಯಿರುವುದರಿಂದ ಭಾರವಾದ ಕಟ್ಟಡಕ್ಕೆ ಪೈಲ್ ಅಡಿಪಾಯ, ಅಂದರೆ ಗಟ್ಟಿ ನೆಲದವರೆಗೆ ಆಳಕ್ಕಿಳಿಸಿದ ಕಂಬಗಳ ಅಡಿಪಾಯ, ಅನಿವಾರ್ಯ. ಸಿಮೆಂಟು, ಉಕ್ಕು ಎರಡೂ ಅಲ್ಲಿಯೇ ಹೇರಳವಾಗಿ ಹೂತುಹೋಗುವುದರಿಂದ, ಶತಮಾನ ಬಾಳಬೇಕಾದದ್ದು ಪೈಲುಗಳು, ಕಂಬಗಳು ಮತ್ತು ನೆಲದ ಹೊರುವ ಶಕ್ತಿ. ಗೋಡೆ, ಮಾಡು, ನಡುವಿನ ಅಟ್ಟಗಳೆಲ್ಲ ಬೋಲ್ಟಿನ ಜೋಡಣೆಯಲ್ಲಿರಲಿ. ಗೋದಾಮಿನ ಭಾರಕ್ಕೆ ಕಟ್ಟಿದ ನೆಲ ಮುಂದೆ ಕಚೇರಿಯನ್ನು ಸುಲಭವಾಗಿ ಹೊರುತ್ತದೆ, ಕಚೇರಿಗೆಂದು ಕಟ್ಟಿದ ನೆಲ ಗೋದಾಮನ್ನು ಹೊರಲಾರದು. ಬಹುಮಂದಿ ವಿನ್ಯಾಸಕಾರರು ತಪ್ಪುವುದು ಇಲ್ಲಿಯೇ.

ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕವಾದ ಐ.ಎಸ್. 456 ಸಂಹಿತೆಯು ಕಡಲ ಹವೆಗೆ ತೆರೆದ ಕಾಂಕ್ರೀಟಿನಲ್ಲಿ ಕಂಬಿಯ ಮೇಲೆ ಕನಿಷ್ಠ 45 ಮಿ.ಮೀ. ಕಾಂಕ್ರೀಟ್ ಹೊದಿಕೆಯನ್ನೂ, ಉಬ್ಬರ-ಇಳಿತದ ಮಟ್ಟದಲ್ಲಿರುವ ಭಾಗಗಳಿಗೆ 75 ಮಿ.ಮೀ. ಹೊದಿಕೆಯನ್ನೂ ವಿಧಿಸುತ್ತದೆ, ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಬೆರೆಸಿದ ಸಿಮೆಂಟು, ಕಂಬಿಗೆ ತುಕ್ಕು ಹಿಡಿಸುವ ಉಪ್ಪಿನ ಪ್ರವೇಶವನ್ನು ನಿಧಾನಗೊಳಿಸುವುದರ ಜೊತೆಗೆ ಇಂಗಾಲದ ಹೊರೆಯನ್ನೂ ತಗ್ಗಿಸುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದದ್ದನ್ನು ಮರೆಯದೆ, ವಿದ್ಯುತ್ ಫಲಕಗಳನ್ನೂ ಚಾರ್ಜಿಂಗ್ ಯಂತ್ರಗಳನ್ನೂ ಮೇಲಂತಸ್ತಿಗೆ ಒಯ್ಯಿರಿ. ಲಾರಿಯ ಹಲಗೆಯ ಮಟ್ಟಕ್ಕೆ, ಅಂದರೆ ಸುಮಾರು 1.2 ಮೀಟರ್ ಎತ್ತರಕ್ಕೆ ಜಗಲಿ ಕಟ್ಟಿದರೆ ಸರಕು ಇಳಿಸಲೂ ಸುಲಭ, ಸಾಧಾರಣ ನೆರೆಯಿಂದಲೂ ರಕ್ಷಣೆ.

ಉತ್ತರ (ವಾಸ್ಕೊ, ಗೋವಾ)

ಧಕ್ಕೆಯನ್ನೂ ಇದೇ ದೃಷ್ಟಿಯಿಂದ ನೋಡಿ. ನಮ್ಮಲ್ಲಿ ಮಾಂಡವಿ, ಜುವಾರಿ ನದಿಗಳ ಬಾರ್ಜುಗಳಿಗೆ ಅದಿರನ್ನು ತುಂಬಿಸಲೆಂದೇ ಕಟ್ಟಿದ ಧಕ್ಕೆಗಳು, 2012ರಲ್ಲಿ ಗಣಿಗಾರಿಕೆ ನಿಂತಾಗಲೂ, 2018ರಲ್ಲಿ ಸರ್ವೋಚ್ಚ ನ್ಯಾಯಾಲಯ 88 ಗುತ್ತಿಗೆಗಳನ್ನು ರದ್ದುಪಡಿಸಿದಾಗಲೂ, ಬೇರೆ ಸರಕಿಗೆ ಒಗ್ಗದೆ ಸುಮ್ಮನೆ ನಿಂತವು. ಮುಂಬಯಿಯಲ್ಲಿ ದೊಡ್ಡ ಉಬ್ಬರ ಸುಮಾರು 5 ಮೀಟರ್‌ವರೆಗೆ ಏರುವುದರಿಂದ, ನೀರಿನೊಂದಿಗೆ ಏರಿಳಿಯುವ ತೇಲುವೇದಿಕೆ ಮತ್ತು ಅದನ್ನು ದಡಕ್ಕೆ ಜೋಡಿಸುವ ಕೀಲುಸೇತುವೆ ಹಾಕಿ. ಬೇಡವಾದಾಗ ಅದನ್ನು ಎಳೆದೊಯ್ಯಬಹುದು.

ಉತ್ತರ (ಮಸ್ಜಿದ್ ಬಂದರ್)

ಮೇಲಿನ ಇಬ್ಬರೂ ಮನುಷ್ಯರನ್ನು ಬಿಟ್ಟಿದ್ದಾರೆ. ಸಾಗಣೆಯ ಕೆಲಸದಲ್ಲಿರುವ ನಾನು ಕಂಡಂತೆ, ಇಂತಹ ಕಟ್ಟಡಗಳು ಸೋಲುವುದು ಹೆಚ್ಚಾಗಿ ಲಾರಿ ತಿರುಗುವ ಅಂಗಳ ಸಾಲದೆ. ಅಂಗಳ ಕಿರಿದಾದರೆ ಗಾಡಿಗಳು ರಸ್ತೆಯಲ್ಲಿ ಸಾಲುಗಟ್ಟುತ್ತವೆ. ಆಮೇಲೆ ನೆರೆಹೊರೆಯವರು ಕಟ್ಟಡವನ್ನೇ ಬೇಡವೆನ್ನುತ್ತಾರೆ. ಹೊರೆ ಹೊರುವ ಕಾರ್ಮಿಕರಿಗಾಗಿ ಮಹಾರಾಷ್ಟ್ರ ಮಾಡಿದ 1969ರ ಮಾಥಾಡಿ ಕಾಯಿದೆಯ ವ್ಯಾಪ್ತಿಯ ಹಮಾಲರಿಗೆ ಸ್ನಾನ, ಶೌಚ, ಊಟ, ಮಧ್ಯಾಹ್ನದ ವಿಶ್ರಾಂತಿಯ ಸ್ಥಳಗಳನ್ನು ಅಂಗಳದ ಮೂಲೆಗೆ ತಳ್ಳದೆ, ಗಾಳಿ ಬರುವ ನೀರಿನ ಕಡೆಗೇ ಇಡಿ. ನಿಮ್ಮ ನಕ್ಷೆಯಲ್ಲಿ ಬಾರ್ಜಿನಿಂದ ಟೆಂಪೊವರೆಗೆ ಒಂದು ಮೂಟೆಯನ್ನು ಎಷ್ಟು ಸಲ ಎತ್ತಿ ಇಳಿಸಬೇಕಾಗುತ್ತದೆ ಎಂದು ಎಣಿಸಿ ಇಲ್ಲಿ ಬರೆಯಿರಿ, ಮುಂದಿನದನ್ನು ಆಮೇಲೆ ಚರ್ಚಿಸೋಣ.