ಅಪ್‌ಡೇಟ್: ಪಿಸ್ತೂಲೋ ರಿವಾಲ್ವರೋ, ನನ್ನ ತೀರ್ಮಾನ

ಅಡಿಕೆ ಮಾರಿದ ಹಣದೊಂದಿಗೆ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಿಂದ ಕತ್ತಲಾದ ಮೇಲೆ ಗುಡ್ಡದ ದಾರಿಯಲ್ಲಿ ಮನೆಗೆ ಮರಳುವ ನಾನು, ದಿನವೂ ಜೊತೆಗಿಟ್ಟುಕೊಳ್ಳಲು ಅಶನಿ ಎಂಬ ನಮ್ಮ ದೇಶದ ಪಿಸ್ತೂಲು ಒಳ್ಳೆಯದೋ ರಿವಾಲ್ವರ್ ಒಳ್ಳೆಯದೋ ಎಂದು ನಿಮ್ಮಲ್ಲಿ ಕೇಳಿದ್ದೆ. 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ) ಆದ್ದರಿಂದ ನನ್ನ ಪರವಾನಗಿಗೆ ಸಿಗದು, ಹಾಗಾಗಿ ಪಾಯಿಂಟ್ 32 (0.32 ಇಂಚು) ಬೋರನ್ನೇ ಆರಿಸಿಕೊಂಡೆ. ಕೊನೆಗೆ ಕಾನ್ಪುರದ ಕಾರ್ಖಾನೆಯ, ಸುಮಾರು 500 ಗ್ರಾಂ ತೂಗುವ, ಆರು ಗುಂಡಿನ ನಿರ್ಭೀಕ್ ರಿವಾಲ್ವರನ್ನು ಕೊಂಡೆ.

ಪಿಸ್ತೂಲು ಚಪ್ಪಟೆಯಾಗಿದ್ದು ಅಂಗಿಯೊಳಗೆ ಎದ್ದು ಕಾಣುವುದಿಲ್ಲವೆಂಬ ನಿಮ್ಮ ಮಾತು ನಿಜ. ಆದರೆ ಒಂದು ತೋಟೆ ಸಿಡಿಯದೆ ಹೋದರೆ ಅದರ ಸ್ಲೈಡನ್ನು, ಅಂದರೆ ಹಿಂದಕ್ಕೆ ಜಾರುವ ಮೇಲ್ಭಾಗವನ್ನು, ಇನ್ನೊಂದು ಕೈಯಿಂದ ಎಳೆಯಬೇಕಾಗುತ್ತದೆ, ರಿವಾಲ್ವರಿನಲ್ಲಾದರೆ ಟ್ರಿಗರನ್ನು ಮತ್ತೊಮ್ಮೆ ಒತ್ತಿದರೆ ಸಾಕು, ಮುಂದಿನ ಗುಂಡು ತಾನಾಗಿಯೇ ಎದುರಿಗೆ ಬರುತ್ತದೆ. ಒಂದು ಕೈಯಲ್ಲಿ ಹಣದ ಚೀಲ ಹಿಡಿದಿರುವ ನನಗೆ ಇದೇ ಮುಖ್ಯವೆನಿಸಿತು.

ನಾನು ಯೋಚಿಸದೆ ಇದ್ದದ್ದು ನಮ್ಮ ಮಳೆಗಾಲವನ್ನು. ಜೂನ್‌ನಲ್ಲಿ ಒದ್ದೆಯಾದ ಚರ್ಮದ ಒರೆಯಲ್ಲೇ ಎರಡು ರಾತ್ರಿ ಬಿಟ್ಟಿದ್ದರಿಂದ ತಿರುಪುಗಳ ತಲೆಯ ಸುತ್ತ ಸಾಸಿವೆಯಷ್ಟು ಗಾತ್ರದ ತುಕ್ಕಿನ ಚುಕ್ಕೆಗಳು ಮೂಡಿದ್ದವು. ಈಗ ಮನೆಗೆ ಬಂದೊಡನೆ ಗುಂಡುಗಳನ್ನು ತೆಗೆದು, ಎಣ್ಣೆಬಟ್ಟೆಯಿಂದ ಒರೆಸಿ, ಮಕ್ಕಳ ಕೈಗೆ ಸಿಗದಂತೆ ಬೀಗದ ಕಪಾಟಿನಲ್ಲಿಡುತ್ತೇನೆ. ಒರೆಯನ್ನು ಬೇರೆಯಾಗಿ ಒಣಗಲು ಹಾಕುತ್ತೇನೆ. ಪಂಚೆಯ ಮೇಲೆ ಒರೆ ನಿಲ್ಲುವುದಿಲ್ಲವಾದ್ದರಿಂದ ಪೇಟೆಗೆ ಹೋಗುವ ದಿನ ಪ್ಯಾಂಟು, ದಪ್ಪ ಬೆಲ್ಟು ಕಡ್ಡಾಯ. 2016ರ ಆಯುಧ ನಿಯಮಗಳಂತೆ ಸಾರ್ವಜನಿಕ ಸ್ಥಳದಲ್ಲಿ ಆಯುಧವು ಒರೆಯಲ್ಲಿದ್ದು ಪೂರ್ತಿ ಮುಚ್ಚಿರಬೇಕು, ಹಾಗಾಗಿ ಅಂಗಿಯನ್ನು ಹೊರಗೇ ಬಿಡುತ್ತೇನೆ.