ಹನ್ನೆರಡೂವರೆ ಪರ್ಸೆಂಟಿನ ನಾಲ್ಕನೇ ಸಾಲು

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) «ಠೇವಣಿ ಮರೆತುಬಿಡಿ! ಅತಿ ಹೆಚ್ಚು ಡಿವಿಡೆಂಡ್ ಯೀಲ್ಡ್ ಇರುವ 10 ಷೇರುಗಳು. ಕೊಂಡಿಟ್ಟರೆ ಜೀವನಪೂರ್ತಿ ಪಿಂಚಣಿ.»

ದೊಡ್ಡಪ್ಪ: ನಾಲ್ಕನೇ ಸಾಲು ನೋಡಿ. ಬೆಲೆ 80, ಡಿವಿಡೆಂಡ್ 10. ಹನ್ನೆರಡೂವರೆ ಪರ್ಸೆಂಟ್. ಇನ್ನೇನು ಬೇಕು?

ಭಾವ: ಮಾವ, ಯೀಲ್ಡ್ ಅನ್ನೋದು ಬರೀ ಭಾಗಾಕಾರ. ಮೇಲೆ ಕೂತಿರೋದು ಹೋದ ವರ್ಷದ ಡಿವಿಡೆಂಡ್ (ಕಂಪನಿ ಒಂದೊಂದು ಷೇರಿಗೆ ಹಂಚಿದ ದುಡ್ಡು), ಕೆಳಗಿರೋದು ಇವತ್ತಿನ ಬೆಲೆ. ಕೆಳಗಿನದು ಕುಸಿದರೂ ಉತ್ತರ ದೊಡ್ಡದಾಗಿ ಕಾಣುತ್ತೆ. ಇದೇ ಷೇರು ವರ್ಷದ ಹಿಂದೆ 140 ಇತ್ತು.

ಅಕ್ಕ: ಆ 10ರಲ್ಲಿ 6 ವಿಶೇಷ ಡಿವಿಡೆಂಡ್. ಜಾಗ ಮಾರಿ ಬಂದದ್ದನ್ನ ಹಂಚಿದ್ದಾರೆ. ಅದೇ ಜಾಗ ಮುಂದಿನ ವರ್ಷ ಮತ್ತೆ ಮಾರೋಕಾಗುತ್ತಾ? ಮಾಮೂಲಿ ಡಿವಿಡೆಂಡ್ 4, ಅಂದರೆ 5%. ಪಟ್ಟಿ ಮಾಡಿದವರು ಎರಡನ್ನೂ ಕೂಡಿಸಿ ಬಿಟ್ಟಿದ್ದಾರೆ.

ದೊಡ್ಡಪ್ಪ: ಐದೇ ಇರಲಿ ಬಿಡಮ್ಮ. ಇಪಿಎಸ್, ಅಂದರೆ ಒಂದು ಷೇರಿಗೆ ಬಂದ ಲಾಭ 5, ಕೊಡೋದು 4. ಲಾಭದ ಒಳಗೇ ಇದೆಯಲ್ಲ?

ಅಕ್ಕ: ದೊಡ್ಡಪ್ಪ, ಡಿವಿಡೆಂಡ್ ಘೋಷಿಸೋದು ಲಾಭದಿಂದ, ಆದರೆ ಕೈಗೆ ಕೊಡೋದು ನಗದಿನಿಂದ. ಕ್ಯಾಶ್ ಫ್ಲೋ (ನಗದು ಬಂದುಹೋದ ಲೆಕ್ಕ) ಪುಟದ ಫೋಟೋ ಹಾಕಿದ್ದೀನಿ, ಮೇಲಿಂದ ಓದಿಕೊಂಡು ಬನ್ನಿ. ನಿವ್ವಳ ಲಾಭ 500 ಕೋಟಿ. ಸವಕಳಿ 200 ಕೋಟಿ ಬರೀ ಲೆಕ್ಕದ ಖರ್ಚು, ಕೈಯಿಂದ ಹೋಗಿಲ್ಲ, ಅದನ್ನ ಕೂಡಿಸಿ. ಗಿರಾಕಿಗಳ ಬಾಕಿ 80 ಕೋಟಿ ಜಾಸ್ತಿಯಾಗಿದೆ, ಅಂದರೆ ಸರಕು ಹೋಗಿದೆ, ದುಡ್ಡು ಬಂದಿಲ್ಲ, ಅದನ್ನ ಕಳೀರಿ. ವ್ಯವಹಾರದಿಂದ ಬಂದ ನಗದು 620. ಅದರಲ್ಲಿ ಯಂತ್ರ, ಕಾರ್ಖಾನೆಗೆ 340 ಹೋಗಿದೆ. ಮಿಕ್ಕಿದ್ದು 280.

ಅಕ್ಕ: ಷೇರುಗಳು 100 ಕೋಟಿ. ತಲಾ 4 ಅಂದರೆ 400 ಕೋಟಿ ಬೇಕು. 120 ಕಮ್ಮಿ ಬಿತ್ತು. ಅದು ಬಂದದ್ದು ಸಾಲದಿಂದ, ಬ್ಯಾಲೆನ್ಸ್ ಶೀಟಲ್ಲಿ ದೀರ್ಘಾವಧಿ ಸಾಲ ಸರಿಯಾಗಿ ಅಷ್ಟೇ ಏರಿದೆ. ಲಾಭದ ಲೆಕ್ಕದಲ್ಲಿ ಪೇಔಟ್, ಅಂದರೆ ಹಂಚಿದ ಪಾಲು 80%, ಉಳಿದ ನಗದಿನ ಲೆಕ್ಕದಲ್ಲಿ 143%.

ಚಿಕ್ಕಪ್ಪ: ಬಿತ್ತನೆ ಬೀಜ ಕುಟ್ಟಿ ಉಣ್ಣೋದು ಅಂದ್ರೆ ಇದೇ ಅಣ್ಣ. ಆದರೂ ಒಂದೇ ವರ್ಷ ನೋಡಿ ತೀರ್ಪು ಕೊಡಬೇಡಮ್ಮ. ಹೊಸ ಘಟಕ ಕಟ್ಟೋ ವರ್ಷ ಯಾವ ಕಂಪನಿಗೂ ನಗದು ಕಮ್ಮಿಯೇ. ಐದು ವರ್ಷದ್ದು ಕೂಡಿಸು, ಅದರಲ್ಲಿ ಒಂದಾದರೂ ಕೆಟ್ಟ ವರ್ಷ ಇರಬೇಕು.

ಅಕ್ಕ: ಕೂಡಿಸಿದೆ ಚಿಕ್ಕಪ್ಪ. ಐದು ವರ್ಷದಲ್ಲಿ ಉಳಿದ ನಗದು 1,510 ಕೋಟಿ, ಹಂಚಿದ ಮಾಮೂಲಿ ಡಿವಿಡೆಂಡ್ 1,900. ಹೊಸ ಘಟಕ ಯಾವುದೂ ಇಲ್ಲ, ಹಳೇ ಯಂತ್ರ ಬದಲಾಯಿಸೋಕೇ ಸವಕಳಿಗಿಂತ ಜಾಸ್ತಿ ಹೋಗ್ತಿದೆ.

ದೊಡ್ಡಪ್ಪ: ಅಷ್ಟು ದೊಡ್ಡ ಹೆಸರು, ಡಿವಿಡೆಂಡ್ ನಿಲ್ಲಿಸಿದರೆ ಮರ್ಯಾದೆ ಹೋಗಲ್ವೇ?

ಭಾವ: ಅಮೆರಿಕದ ಜನರಲ್ ಎಲೆಕ್ಟ್ರಿಕ್‌ಗಿಂತ ದೊಡ್ಡ ಹೆಸರಾ ಮಾವ? ತ್ರೈಮಾಸಿಕಕ್ಕೆ 24 ಸೆಂಟ್ ಕೊಡ್ತಿದ್ದವರು 2017ರ ನವೆಂಬರ್‌ನಲ್ಲಿ 12ಕ್ಕೆ ಇಳಿಸಿದರು. 2018ರ ಅಕ್ಟೋಬರ್‌ನಲ್ಲಿ 1 ಸೆಂಟ್. ಕಡಿತಕ್ಕೆ ಮುಂಚೆಯೇ ಷೇರು ಬೆಲೆ ಇಳಿಯುತ್ತಾ ಬಂದಿತ್ತು, ಅದಕ್ಕೇ ಯೀಲ್ಡ್ ಚೆನ್ನಾಗಿ ಕಾಣ್ತಿತ್ತು.

ಚಿಕ್ಕಮ್ಮ: ನಡುವೆ ಒಂದು ಪ್ರಶ್ನೆ. ಎಕ್ಸ್-ಡೇಟ್ ಅಂದರೆ ಆ ದಿನದಿಂದ ಕೊಂಡವರಿಗೆ ಈ ಸಲದ ಡಿವಿಡೆಂಡ್ ಇಲ್ಲ, ಅಲ್ವಾ? ಎಕ್ಸ್-ಡೇಟ್‌ಗೆ ಹಿಂದಿನ ದಿನ ಕೊಂಡು, ಡಿವಿಡೆಂಡ್ ಹಕ್ಕು ಸಿಕ್ಕ ಮೇಲೆ ಮರುದಿನ ಮಾರಿಬಿಟ್ರೆ?

ಅಕ್ಕ: ಎಕ್ಸ್-ಡೇಟ್ ಬೆಳಗ್ಗೆ ಬೆಲೆ ಹೆಚ್ಚುಕಮ್ಮಿ ಅಷ್ಟೇ ಇಳಿದು ಶುರುವಾಗುತ್ತೆ ಚಿಕ್ಕಮ್ಮ. 80ಕ್ಕೆ ಕೊಂಡರೆ 4 ಬಂತು, ಷೇರು 76. ತೆರಿಗೆ, ದಲ್ಲಾಳಿ ಖರ್ಚು ಮೇಲೆ.

ಚಿಕ್ಕಮ್ಮ: ಆಯ್ತು, ಸುಮ್ಮನಾದೆ 😄

ಭಾವ: ನನ್ನ ಪ್ರಕಾರ ಡಿವಿಡೆಂಡ್ ಹಿಂದೆ ಹೋಗೋದೇ ತಪ್ಪು. ಈಕ್ವಿಟಿ, ಅಂದರೆ ಷೇರುದಾರರ ಸ್ವಂತ ಬಂಡವಾಳದ ಮೇಲೆ 20% ಗಳಿಸೋ ಕಂಪನಿ, ಲಾಭದಲ್ಲಿ 60% ತನ್ನಲ್ಲೇ ಉಳಿಸಿಕೊಂಡರೆ ವರ್ಷಕ್ಕೆ 12% ಬೆಳೆಯುತ್ತೆ. ಇಪಿಎಸ್ 10, ಡಿವಿಡೆಂಡ್ 4, ಬೆಲೆ 200, ಯೀಲ್ಡ್ 2%. ಹತ್ತು ವರ್ಷದಲ್ಲಿ ಇಪಿಎಸ್ 31, ಡಿವಿಡೆಂಡ್ 12.4. ಬರ್ಕ್‌ಶೈರ್ ಹ್ಯಾಥವೇ ವಾರನ್ ಬಫೆಟ್ ಕೈಗೆ ಬಂದ ಮೇಲೆ ಡಿವಿಡೆಂಡ್ ಕೊಟ್ಟದ್ದು 1967ರಲ್ಲಿ ಒಂದೇ ಸಲ.

ದೊಡ್ಡಪ್ಪ: ಅಳಿಯಂದಿರೇ, ನಾನೂ ಲೆಕ್ಕ ಬಲ್ಲೆ. 10,000 ಹಾಕಿ. ನಿಮ್ಮದರಲ್ಲಿ 50 ಷೇರು, ಮೊದಲ ವರ್ಷ 200 ಬಂತು. 5% ಕೊಟ್ಟು ವರ್ಷಕ್ಕೆ 2% ಮಾತ್ರ ಡಿವಿಡೆಂಡ್ ಏರಿಸೋ ಕಂಪನಿಯಲ್ಲಿ 500. ನಿಮ್ಮದು ಅದನ್ನ ದಾಟೋದು ಹನ್ನೊಂದನೇ ವರ್ಷ. ಮೊದಲ ಹತ್ತು ವರ್ಷ ಕೂಡಿಸಿದರೆ ನಿಮ್ಮದು 3,510, ಅದು 5,475. ತಿಂಗಳ ಖರ್ಚಿಗೆ ದುಡ್ಡು ಬೇಕಾದವನ ಮೊಣಕೈಗೆ ತುಪ್ಪ ಸವರಿದ ಹಾಗಾಯ್ತು ನಿಮ್ಮ ಬೆಳವಣಿಗೆ.

ಭಾವ: ಅಸಲು ಎಷ್ಟಾಗಿರುತ್ತೆ ಅನ್ನೋದನ್ನ ಬಿಟ್ಟಿರಲ್ಲ. ಪಿಇ, ಅಂದರೆ ಬೆಲೆ ಇಪಿಎಸ್ಸಿನ ಎಷ್ಟು ಪಟ್ಟು ಅನ್ನೋದು, 20ರಲ್ಲೇ ನಿಂತರೆ 200ರ ಷೇರು 620.

ಚಿಕ್ಕಪ್ಪ: «ನಿಂತರೆ»! 12% ಬೆಳವಣಿಗೆ ಹತ್ತು ವರ್ಷ ಎಡೆಬಿಡದೆ ಹಿಡಿಯೋ ಕಂಪನಿಗಳು ಕೈಬೆರಳೆಣಿಕೆ. ಬೆಳವಣಿಗೆ ತಗ್ಗಿತು ಅಂತ ಗೊತ್ತಾದ ದಿನ ಪಿಇ 12ಕ್ಕೆ ಇಳಿದರೆ ನಿಮ್ಮ 620 ಹೋಗಿ 372. ಇನ್ನೊಂದು, 20% ಗಳಿಕೆ ಸಾಲದ ಬಲದಿಂದ ಬಂದಿದೆಯೋ ನೋಡಿ. ಈಕ್ವಿಟಿ ತೆಳ್ಳಗಿದ್ದರೆ ಅದರ ಮೇಲಿನ ಗಳಿಕೆ, ಅಂದರೆ ಆರ್‌ಒಇ ತಾನಾಗೇ ದಪ್ಪ ಕಾಣುತ್ತೆ. ಸಾಲವನ್ನೂ ಕೂಡಿಸಿದ ಬಂಡವಾಳದ ಮೇಲೆ ಗಳಿಕೆ ಎಷ್ಟು ಅನ್ನೋದನ್ನ ಪಕ್ಕದಲ್ಲಿಟ್ಟುಕೊಳ್ಳಿ.

ಅಕ್ಕ: ಇಬ್ಬರದ್ದೂ ಒಂದೇ ಕಡೆ ತಪ್ತಿದೆ. ದೊಡ್ಡಪ್ಪನ 5% ನಿಲ್ಲುತ್ತಾ, ನಿಮ್ಮ 12% ನಿಲ್ಲುತ್ತಾ, ಎರಡಕ್ಕೂ ಅದೇ ಕ್ಯಾಶ್ ಫ್ಲೋ ಪುಟ ತೆರೀಬೇಕು. ಬೆಳೆಯೋ ಕಂಪನಿಯಲ್ಲೂ ಗಿರಾಕಿ ಬಾಕಿ ಮಾರಾಟಕ್ಕಿಂತ ವೇಗವಾಗಿ ಏರಿದರೆ, ಆ ಬೆಳವಣಿಗೆ ಉದ್ರಿಯದ್ದು.

ದೊಡ್ಡಪ್ಪ: ಹಾಗಾದರೆ ಪಟ್ಟಿಯಲ್ಲಿ ಏನೂ ಉಳಿಯಲ್ವೇ?

ಚಿಕ್ಕಪ್ಪ: ಸೋಸೋಣ ಅಣ್ಣ. ಮೊದಲು, 10ರಲ್ಲಿ 6 ಲೋಹ, ಕಲ್ಲಿದ್ದಲು, ಎಣ್ಣೆಯವು. ಇವು ಸರಕಿನ ಬೆಲೆ ನೆತ್ತಿಗೇರಿದಾಗಲೇ ಜಾಸ್ತಿ ಹಂಚೋದು. ಆಗ ಪಿಇ 5, ಯೀಲ್ಡ್ 9, ಕೊಂಡವನು ಸಿಕ್ಕಿಬೀಳೋದೂ ಆಗಲೇ. ಇವುಗಳಿಗೆ ಹೋದ ವರ್ಷದ ಡಿವಿಡೆಂಡ್ ಬೇಡ, ಏಳೆಂಟು ವರ್ಷದ ಸರಾಸರಿ ಹಾಕು. ಹಾಗೆ ನೋಡಿದ್ರೆ ಆರರಲ್ಲಿ ಐದು 3%ಗಿಂತ ಕೆಳಗೆ.

ಅಕ್ಕ: 8 ಮತ್ತು 9 ಬ್ಯಾಂಕ್. ಅಲ್ಲಿ ಕ್ಯಾಶ್ ಫ್ಲೋ ಪುಟ ಏನೂ ಹೇಳಲ್ಲ, ಠೇವಣಿ ಬಂದರೂ ಅದರಲ್ಲೇ, ಸಾಲ ಕೊಟ್ಟರೂ ಅದರಲ್ಲೇ. ಬಂಡವಾಳ ಅನುಪಾತ (ಕೊಟ್ಟ ಸಾಲಕ್ಕೆ ಎದುರಾಗಿ ಬ್ಯಾಂಕಿನ ಸ್ವಂತ ಬಂಡವಾಳ ಎಷ್ಟು ಅನ್ನೋದು), ವಸೂಲಾಗದ ಸಾಲ ಎರಡನ್ನ ನೋಡಬೇಕು.

ಭಾವ: ಮಿಕ್ಕವಕ್ಕೆ ನನ್ನ ಗೆರೆ: ಬಡ್ಡಿಗೂ ತೆರಿಗೆಗೂ ಮುಂಚಿನ ಲಾಭ ಬಡ್ಡಿಯ ನಾಲ್ಕು ಪಟ್ಟಾದರೂ ಇರಬೇಕು. ಉಳಿದ ನಗದಿನಲ್ಲಿ ಮೂರನೇ ಎರಡು ಪಾಲಿಗಿಂತ ಜಾಸ್ತಿ ಹಂಚಿರಬಾರದು. ಎಷ್ಟು ಚೆನ್ನಾಗಿದ್ದರೂ ಒಂದರಲ್ಲಿ 5% ದುಡ್ಡು, ಅದಕ್ಕೆ ಮೇಲಿಲ್ಲ. ಇಪ್ಪತ್ತು ಕಂಪನಿಯಾದರೂ ಬೇಕು, ಬೇರೆ ಬೇರೆ ಉದ್ಯಮ.

ಚಿಕ್ಕಪ್ಪ: ಪರವಾಗಿಲ್ಲ, ಅಳಿಯಂದಿರು ಡಿವಿಡೆಂಡಿಗೂ ಗೆರೆ ಎಳೆದರು. ವಿದ್ಯುತ್ ಪ್ರಸರಣದಂಥದ್ದಕ್ಕೆ ನಾಲ್ಕು ಪಟ್ಟು ಕೇಳಬೇಡಿ ಮತ್ತೆ. ಆದಾಯ ನಿಗದಿ ಇರುತ್ತೆ, ಎರಡೂವರೆ ಇದ್ದರೂ ನಡೆಯುತ್ತೆ.

ದೊಡ್ಡಪ್ಪ: ಏಳನೆಯದಕ್ಕೆ ಹಾಕಿ ನೋಡಿದೆ. ಯೀಲ್ಡ್ 3.8. ಬಡ್ಡಿಯ 6 ಪಟ್ಟು. ಉಳಿದ ನಗದಿನಲ್ಲಿ 55% ಹಂಚಿದ್ದಾರೆ. ಡಿವಿಡೆಂಡ್ ಐದು ವರ್ಷದಲ್ಲಿ 6ರಿಂದ 9ಕ್ಕೆ ಏರಿದೆ.

ಭಾವ: ವರ್ಷಕ್ಕೆ ಎಂಟೂ ಚಿಲ್ಲರೆ. ಚೆನ್ನಾಗಿದೆ ಮಾವ.

ಅಕ್ಕ: ಗಿರಾಕಿ ಬಾಕಿ ಎಷ್ಟು ದಿನದ್ದು?

ದೊಡ್ಡಪ್ಪ: 48 ದಿನ. ಐದು ವರ್ಷದ ಹಿಂದೆ 31.

ಅಕ್ಕ: ಟಿಪ್ಪಣಿ ಪುಟ ಕಳಿಸಿ, ಆರು ತಿಂಗಳು ಮೀರಿದ ಬಾಕಿ ಎಷ್ಟಿದೆ ನೋಡೋಣ.